ಫಾಲೋಅಪ್ ನೋಟ್‌ನಲ್ಲಿ ಯಾವುದಕ್ಕೆ ಪ್ರತ್ಯೇಕ ಕಾಲಂ ಬೇಕು?

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರ ನೋಟ್ ಟೆಂಪ್ಲೇಟ್‌ನಲ್ಲಿ ಯಾವುದನ್ನು ಕಾಲಂ ಮಾಡಬೇಕು, ಯಾವುದನ್ನು ವಾಕ್ಯವಾಗಿ ಬಿಡಬೇಕು ಎಂದು ಕೇಳಿದ್ದೀರಿ. ಮುಂದೆ ಹುಡುಕಬೇಕಾದ, ಲೆಕ್ಕ ಹಾಕಬೇಕಾದ ಎಲ್ಲಕ್ಕೂ ಕಾಲಂ ಇರಲಿ.

ಮೊದಲನೆಯದು ಆಂಥ್ರಾಸೈಕ್ಲಿನ್‌ನ (ಡಾಕ್ಸೋರುಬಿಸಿನ್, ಎಪಿರುಬಿಸಿನ್‌ನಂಥ ಕೀಮೋ ಔಷಧಗಳ ಗುಂಪು) ಒಟ್ಟು ಡೋಸ್. ಔಷಧದ ಹೆಸರು, ಡೋಸ್, ಯೂನಿಟ್ ಮೂರೂ ಬೇರೆ ಬೇರೆ ಇರಬೇಕು. ಹೃದಯದ ಅಪಾಯ ಹೆಚ್ಚು ಎನ್ನುವ ಮಿತಿ ಡಾಕ್ಸೋರುಬಿಸಿನ್‌ಗೆ ಚದರ ಮೀಟರಿಗೆ 250 ಮಿ.ಗ್ರಾಂ, ಎಪಿರುಬಿಸಿನ್‌ಗೆ 600. ಬರೀ ಸಂಖ್ಯೆ ಬರೆದಿಟ್ಟರೆ ಪ್ರಯೋಜನವಿಲ್ಲ. ಯೋಜಿಸಿದ ಡೋಸ್ ಅಲ್ಲ, ನಿಜವಾಗಿ ಕೊಟ್ಟದ್ದನ್ನೇ ತುಂಬಿಸಿ. ಡಾಕ್ಸೋರುಬಿಸಿನ್ ಸೈಕಲ್‌ಗೆ 60ರಂತೆ ನಾಲ್ಕು ಸೈಕಲ್ ಯೋಜಿಸಿದ್ದು, ನಾಲ್ಕನೆಯದು ಅರ್ಧಕ್ಕೆ ನಿಂತಿದ್ದರೂ ಟೆಂಪ್ಲೇಟ್ ಪೂರ್ತಿ 240 ತೋರಿಸಬಹುದು! ರೇಡಿಯೇಷನ್‌ಗೆ ಎಡವೋ ಬಲವೋ, ಒಟ್ಟು ಎಷ್ಟು ಗ್ರೇ (ವಿಕಿರಣದ ಡೋಸ್‌ನ ಯೂನಿಟ್), ಎಷ್ಟು ಫ್ರಾಕ್ಷನ್ (ಕಂತು) ಎಂಬುದು ಸಾಕು.

ಕೈ ಊತ, ಜೋಮು, ಸುಸ್ತಿನಂಥ ಲಕ್ಷಣಗಳಿಗೆ ‘ಇದೆ’, ‘ಇಲ್ಲ’, ‘ಕೇಳಿಲ್ಲ’ ಎಂಬ ಮೂರು ಆಯ್ಕೆ ಕೊಡಿ. ಮೊದಲೇ ಟಿಕ್ ಆಗಿರುವುದು ಬೇಡ. ಡೀಫಾಲ್ಟ್ ‘ಇಲ್ಲ’ ಎಂದಿದ್ದರೆ ಯಾರೂ ಕೇಳದ ಪ್ರಶ್ನೆಗೂ ಉತ್ತರ ದಾಖಲಾಗುತ್ತದೆ. ಹಳೆಯ ನೋಟ್ ಕಾಪಿ ಮಾಡುವುದರಲ್ಲೂ ಇದೇ ಅಪಾಯ. ಹಾಗಾಗಿ ಔಷಧ ಪಟ್ಟಿ, ಚಿಕಿತ್ಸೆಯ ಇತಿಹಾಸ ಮಾತ್ರ ಮುಂದುವರಿಯಲಿ, ಲಕ್ಷಣಗಳು ಪ್ರತಿ ಭೇಟಿಗೂ ಖಾಲಿಯಾಗಿ ತೆರೆದುಕೊಳ್ಳಲಿ.

ಮರುಕಳಿಸುವ ಭಯ, ಕೆಲಸ, ದಾಂಪತ್ಯದ ವಿಷಯಗಳನ್ನು ಡ್ರಾಪ್‌ಡೌನ್‌ಗೆ ತುರುಕಬೇಡಿ. ಅದಕ್ಕೆ ವಾಕ್ಯವೇ ಸರಿ.