ಮಗನ ಹೆಸರಿಗೆ ಮನೆ ಬರೆದುಕೊಡುವ ಮುನ್ನ

ಅರವತ್ತು ದಾಟಿದೆ, ಬದುಕಿರುವಾಗಲೇ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟು ನಿಶ್ಚಿಂತೆಯಿಂದ ಇರಬಹುದೇ ಎಂದು ಕೇಳಿದ್ದೀರಿ. ನಾನು ಹಾಗೆಯೇ ಮಾಡಿದವಳು.

ಶಿವಮೊಗ್ಗದಲ್ಲಿ ಶಿಕ್ಷಕಿಯಾಗಿದ್ದಾಗ ಸಾಲ ತೀರಿಸುತ್ತಾ ಕಟ್ಟಿಸಿದ ಮನೆ ಅದು. ಯಜಮಾನರು ತೀರಿಕೊಂಡ ಮೇಲೆ, ಈಗಲೇ ಕೊಟ್ಟುಬಿಟ್ಟರೆ ಮುಂದೆ ಮಕ್ಕಳಲ್ಲಿ ಮನಸ್ತಾಪ ಬಾರದು, ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕವೂ ಕಡಿಮೆ ಎಂದು ಬಂಧುಗಳು ಹೇಳಿದರು. ಪತ್ರಬರಹಗಾರರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮಾ, ನೀವು ಇರುವವರೆಗೆ ಇಲ್ಲಿ ವಾಸಿಸುವ ಹಕ್ಕು ನಿಮ್ಮದು, ಮಗ ನಿಮ್ಮನ್ನು ನೋಡಿಕೊಳ್ಳಬೇಕು ಎಂದು ಒಂದು ಸಾಲು ಸೇರಿಸಲೇ?" ಎಂದು ಕೇಳಿದರು. ಹೆತ್ತ ಮಗನಿಗೆ ಷರತ್ತು ಹಾಕುವುದೆಂದರೆ ಅವನನ್ನು ಅನುಮಾನಿಸಿದಂತೆ ಎಂದುಕೊಂಡು ಬೇಡವೆಂದೆ. ನನ್ನ ತಪ್ಪು ಅದೊಂದೇ. ಮಗನನ್ನು ನಂಬಿದ್ದು ತಪ್ಪಲ್ಲ. ಅವನು ಇಂದಿಗೂ ಒಳ್ಳೆಯವನೇ. ಆ ಸಾಲು ಅವನನ್ನು ಕುರಿತದ್ದೆಂದು ಭಾವಿಸಿದ್ದು ತಪ್ಪು. ಅದು ಮುಂದೆ ಆ ಪತ್ರವನ್ನು ಓದಲಿದ್ದ ಅಪರಿಚಿತರಿಗಾಗಿ ಇರಬೇಕಿತ್ತು. ಅವನು ವ್ಯಾಪಾರಕ್ಕೆಂದು ಮನೆಯನ್ನು ಅಡವಿಟ್ಟಾಗ ಬ್ಯಾಂಕಿನ ವಕೀಲರು ಕಾಗದಗಳನ್ನೆಲ್ಲ ಪರಿಶೀಲಿಸಿದರು. ನನ್ನ ವಾಸದ ಹಕ್ಕು ಅದರಲ್ಲಿ ನಮೂದಾಗಿದ್ದರೆ ನನ್ನ ಸಹಿಯನ್ನೂ ಕೇಳುತ್ತಿದ್ದರು. ಆಗ ನಾನು ಬೇಡವೆನ್ನಬಹುದಿತ್ತು. ಅಡವಿಟ್ಟ ಸಂಗತಿ ನನಗೆ ತಿಳಿದದ್ದೇ ಹರಾಜಿನ ನೋಟಿಸು ಬಾಗಿಲಿಗೆ ಅಂಟಿಸಿದ ಮೇಲೆ. ಈಗ ನಾನೂ ಮಗನೂ ಬಾಡಿಗೆ ಮನೆಯಲ್ಲಿದ್ದೇವೆ.

ಮಕ್ಕಳು ಕೈಬಿಟ್ಟರೆ ಕಾನೂನಿದೆ ಎಂದು ನಿಮಗೂ ಯಾರಾದರೂ ಹೇಳಿರಬಹುದು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಆ ಪತ್ರವನ್ನು ಅನೂರ್ಜಿತಗೊಳಿಸಬಹುದು. ಆದರೆ ಅಂತಹ ಷರತ್ತೇ ಇಲ್ಲದಿದ್ದರೆ ಈ ಸೆಕ್ಷನ್ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 2025ರ ಇನ್ನೊಂದು ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಿತಾದರೂ, ಆ ಪ್ರಕರಣದಲ್ಲಿ ತಾಯಿಯನ್ನು ನೋಡಿಕೊಳ್ಳುತ್ತೇನೆಂದು ಮಗ ಬರೆದುಕೊಟ್ಟ ವಚನಪತ್ರವೊಂದಿತ್ತು. ನನ್ನ ಬಳಿ ಏನೂ ಇರಲಿಲ್ಲ, ಮೇಲಾಗಿ ನನ್ನ ಮಗ ನನ್ನನ್ನು ಕೈಬಿಟ್ಟೂ ಇರಲಿಲ್ಲ.

ಆದ್ದರಿಂದ ಬದುಕಿರುವಾಗಲೇ ಕೊಡಬಹುದೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಈಗ ಕೊಡಲೇಬೇಡಿ. ಉಯಿಲು ಬರೆಯಿರಿ. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ, ಮನಸ್ಸು ಬದಲಾದರೆ ಬದಲಿಸಬಹುದು, ನೀವಿರುವವರೆಗೆ ಮನೆ ನಿಮ್ಮದೇ. ನಿಶ್ಚಿಂತೆಗಾಗಿ ದಾನ ಮಾಡುತ್ತೇನೆನ್ನುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ವಯಸ್ಸಾದ ಮೇಲಿನ ನಿಶ್ಚಿಂತೆಗೆ ಮೊದಲು ಬೇಕಾದದ್ದೇ ಸ್ವಂತ ಸೂರು. ಅಷ್ಟಾಗಿಯೂ ದಾನವನ್ನೇ ಮಾಡುವುದಾದರೆ, ವಾಸದ ಹಕ್ಕಿನ ಮತ್ತು ಆರೈಕೆಯ ಷರತ್ತನ್ನು ಮಗನ ಎದುರಿಗೇ ಬರೆಸಿ, ಮಗಳಿದ್ದರೆ ಅವಳಿಗೂ ಒಂದು ಪ್ರತಿ ಕೊಡಿ.