ಶುಕ್ರವಾರ ಬಂದ ಸಿನಿಮಾ ಮಂಗಳವಾರ ಏಕೆ ಹೋಯಿತು?

ತೀರ್ಥಹಳ್ಳಿಯ ಓದುಗರೊಬ್ಬರು, ಹೆಸರು ಹಾಕಬಾರದೆಂಬ ಷರತ್ತಿನೊಂದಿಗೆ, ಉದ್ದನೆಯ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ‘ನಮ್ಮ ಸೀಮೆಯಲ್ಲೇ ಚಿತ್ರೀಕರಣವಾದ, ಹೊಸಬರೇ ಸೇರಿ ಮಾಡಿದ ಸಿನಿಮಾ ಜುಲೈ ಎರಡನೇ ವಾರ ಶಿವಮೊಗ್ಗಕ್ಕೆ ಬಂತು. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ಭಾನುವಾರ ಮಳೆ, ಹೋಗಲಾಗಲಿಲ್ಲ. ಮಂಗಳವಾರ ಹೋದರೆ ಪೋಸ್ಟರೇ ಇಲ್ಲ, ಬೇರೆ ಭಾಷೆಯ ಹೊಡೆದಾಟದ ಚಿತ್ರ ಹಾಕಿದ್ದರು. ಜನರ ಅಭಿರುಚಿ ಕೆಟ್ಟುಹೋಗಿದೆ. ಒಳ್ಳೆಯ ಚಿತ್ರ ಮಾಡಿದವನಿಗೆ ಇಲ್ಲಿ ಉಳಿಗಾಲವಿಲ್ಲ ಅಂತ ನೀವಾದರೂ ಬರೆಯಿರಿ.’

ಪ್ರಿಯ ಓದುಗರೇ,

ಹಾಗೆ ಬರೆಯಲಾರೆ. ನಿಮ್ಮ ಬೇಸರ ನ್ಯಾಯವಾದದ್ದೇ, ಆದರೆ ಬೈದದ್ದು ಮಾತ್ರ ಬೈಸಿಕೊಳ್ಳಬೇಕಾದವರನ್ನಲ್ಲ.

ನಿಮ್ಮ ಪರವಾಗಿ ಹೇಳಬಹುದಾದ ಒಂದು ಮಾತನ್ನು ಮೊದಲು ಒಪ್ಪಿಬಿಡುತ್ತೇನೆ. ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ತೆರೆಗೆ ಬರುತ್ತವೆ. ಅವುಗಳಲ್ಲಿ ಬಹುಪಾಲು ಸೋಲುತ್ತವೆ. ದೊಡ್ಡ ನಟನ ಚಿತ್ರಕ್ಕೆ ಮೊದಲ ದಿನ ನುಗ್ಗುವ ಜನ ಹೊಸಬರ ಚಿತ್ರಕ್ಕೆ ಬರುವುದಿಲ್ಲ ಎನ್ನುವುದೂ ನಿಜ. ಮನೆಯಲ್ಲೇ ಮೊಬೈಲಿನಲ್ಲಿ ಬರುತ್ತದಲ್ಲ, ಆಮೇಲೆ ನೋಡೋಣ ಎನ್ನುವವರೂ ಇದ್ದಾರೆ.

ಆದರೆ ನೀವು ಹೇಳುವ ಚಿತ್ರವನ್ನು ನೋಡಿದವರು ಮೆಚ್ಚಿದ್ದಾರೆ. ಅಂದಮೇಲೆ ಅಭಿರುಚಿಯ ಮಾತು ಅಲ್ಲಿಗೇ ಮುಗಿಯಿತು. ಮೆಚ್ಚಿದವರ ಮಾತು ಇನ್ನೊಬ್ಬರನ್ನು ತಲುಪುವ ಮೊದಲೇ ಚಿತ್ರ ಎತ್ತಂಗಡಿಯಾಯಿತು. ನಮ್ಮಲ್ಲಿ ಒಳ್ಳೆಯ ಚಿತ್ರಗಳು ಸೋಲುವುದು ಹೆಚ್ಚಾಗಿ ಹೀಗೆಯೇ, ಮತ್ತು ಇದು ಲೆಕ್ಕದ ವಿಷಯ.

ಒಂದು ಟಾಕೀಸಿಗೆ 500 ಸೀಟು, ವಾರದ ಬಾಡಿಗೆ ಒಂದೂವರೆ ಲಕ್ಷ ರೂಪಾಯಿ ಅಂದುಕೊಳ್ಳಿ. ಬಾಡಿಗೆ ಪದ್ಧತಿಯಲ್ಲಿ ಈ ಹಣ ಕಟ್ಟಬೇಕಾದವನು ನಿರ್ಮಾಪಕ ಅಥವಾ ವಿತರಕ, ಜನ ಬರಲಿ ಬಿಡಲಿ. ಟಿಕೆಟ್ 100 ರೂಪಾಯಿ ಇದ್ದರೆ ಶೇ. 5ರ ಜಿಎಸ್‌ಟಿ ಕಳೆದು ಕೈಗೆ ಸಿಗುವುದು ಸುಮಾರು 95. ಬಾಡಿಗೆಯೊಂದನ್ನೇ ಹುಟ್ಟಿಸಲು ದಿನಕ್ಕೆ 225 ಟಿಕೆಟ್ ಹರಿಯಬೇಕು. ಹೊಸಬರ ಚಿತ್ರಕ್ಕೆ ಸೋಮವಾರ ಮಾರ್ನಿಂಗ್ ಶೋಗೆ 15 ಜನ, ಮ್ಯಾಟಿನಿಗೆ 40, ನಾಲ್ಕೂವರೆಯ ಫಸ್ಟ್ ಶೋಗೆ 70, ಏಳೂವರೆಯ ಸೆಕೆಂಡ್ ಶೋಗೆ 20 ಜನ ಬಂದರು ಎನ್ನಿ. ಒಟ್ಟು 145. ಉಳಿದ 80 ಟಿಕೆಟ್ಟಿನ ಹಣ, ಅಂದರೆ ದಿನಕ್ಕೆ 7,600 ರೂಪಾಯಿ, ನಿರ್ಮಾಪಕ ಜೇಬಿನಿಂದ ಹಾಕಬೇಕು. ಗಾಂಧಿನಗರದ ಸಿನಿಮಾ ವ್ಯಾಪಾರದವರು ಇದನ್ನು ಡೆಫಿಸಿಟ್ ಅನ್ನುತ್ತಾರೆ. ಐವತ್ತು ಊರುಗಳಿಂದ ಇದೇ ಲೆಕ್ಕ ಬಂದರೆ ಸಾಲ ಮಾಡಿ ಚಿತ್ರ ತೆಗೆದವನು ಎಷ್ಟು ದಿನ ತಡೆದಾನು? ಸೋಮವಾರ ರಾತ್ರಿಯ ಡಿಸಿಆರ್, ಅಂದರೆ ಆ ದಿನದ ಕಲೆಕ್ಷನ್ ವರದಿ, ನೋಡಿದ ಮೇಲೆ ಮಂಗಳವಾರ ಚಿತ್ರ ತೆಗೆಯಿರಿ ಎಂದು ಅವನೇ ಹೇಳುತ್ತಾನೆ.

ಈಗ ಅದೇ ಅಂಕಿಗಳನ್ನು ಇನ್ನೊಂದು ರೀತಿ ನೋಡಿ. ಆ ಚಿತ್ರ ಮ್ಯಾಟಿನಿ ಮತ್ತು ಫಸ್ಟ್ ಶೋ ಮಾತ್ರ ತೆಗೆದುಕೊಂಡು, ಉಳಿದೆರಡು ಆಟ ಮತ್ತು ಅರ್ಧ ಬಾಡಿಗೆಯನ್ನು ಬೇರೆ ಚಿತ್ರಕ್ಕೆ ಬಿಟ್ಟಿದ್ದರೆ ದಿನಕ್ಕೆ ಬೇಕಿದ್ದದ್ದು 112 ಟಿಕೆಟ್. ಬಂದ ಜನ 110. ಹೆಚ್ಚುಕಡಿಮೆ ಸರಿಹೋಯಿತು! ಆ ಚಿತ್ರ ಎರಡನೇ ವಾರಕ್ಕೂ ನಿಲ್ಲುತ್ತಿತ್ತು. ಹೀಗೆ ಮಾಡಲು ಅಡ್ಡ ಬರುವುದು ‘ರಾಜ್ಯಾದ್ಯಂತ ಇಷ್ಟು ಕೇಂದ್ರಗಳಲ್ಲಿ ದಿನಕ್ಕೆ ನಾಲ್ಕು ಆಟ’ ಎಂದು ಜಾಹೀರಾತು ಹಾಕಿಸುವ ಆಸೆ. ಹೊಸ ನಿರ್ಮಾಪಕರಲ್ಲಿ ಕೈಮುಗಿದು ಕೇಳುತ್ತೇನೆ, ಆ ಆಸೆ ಬಿಡಿ.

ಮಲ್ಟಿಪ್ಲೆಕ್ಸಿನ ಕತೆ ಬೇರೆ, ಅಲ್ಲಿ ಪರ್ಸೆಂಟೇಜ್, ಅಂದರೆ ಬಾಡಿಗೆಯ ಬದಲು ಟಿಕೆಟ್ ಹಣದಲ್ಲಿ ಪಾಲು. 236 ರೂಪಾಯಿಯ ಟಿಕೆಟ್ಟಿನಲ್ಲಿ 36 ತೆರಿಗೆ. ಉಳಿದ 200ರಲ್ಲಿ ಮೊದಲ ವಾರ ಅರ್ಧ ವಿತರಕನಿಗೆ ಬಂದರೆ, ಅವನ ಹತ್ತು ಪರ್ಸೆಂಟ್ ಕಮಿಷನ್ ಕಳೆದು ನಿರ್ಮಾಪಕನಿಗೆ 90. ಐದು ಕೋಟಿ ಹಾಕಿದವನಿಗೆ ಟಿಕೆಟ್ಟಿನಿಂದಲೇ ಅಸಲು ಹುಟ್ಟಬೇಕಾದರೆ ಐದೂವರೆ ಲಕ್ಷ ಜನ ನೋಡಬೇಕು. ಪ್ರಚಾರದ ಖರ್ಚು, ಡಿಜಿಟಲ್ ಪ್ರದರ್ಶನದ ಶುಲ್ಕ ಇದರ ಮೇಲೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ವಾರ ಕಳೆದ ಹಾಗೆ ವಿತರಕನ ಪಾಲು ಇಳಿಯುತ್ತಾ ಹೋಗುತ್ತದೆ. 2009ರಲ್ಲಿ ಹಿಂದಿ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ಗಳಿಗೂ ಆದ ಒಪ್ಪಂದದಲ್ಲಿ ಮೊದಲ ವಾರ ಶೇ. 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಮೊದಲ ಮೂರು ದಿನಕ್ಕೇ ಜನ ತುಂಬುವ ಸ್ಟಾರ್ ಚಿತ್ರಕ್ಕೆ ಇದರಿಂದ ನಷ್ಟವಿಲ್ಲ. ಬಾಯಿಂದ ಬಾಯಿಗೆ ಹಬ್ಬಿ ಮೂರನೇ ವಾರ ತುಂಬತೊಡಗುವ ಚಿತ್ರಕ್ಕೆ ಮಾತ್ರ, ಜನ ಬಂದರೂ ಹಣ ಬರುವುದಿಲ್ಲ. ಅದೇ 200 ರೂಪಾಯಿಯಲ್ಲಿ ಅದರ ನಿರ್ಮಾಪಕನಿಗೆ ಆಗ ಸಿಗುವುದು 67.50.

ಚಿತ್ರ ನಿಲ್ಲುತ್ತದೋ ಬೀಳುತ್ತದೋ ತಿಳಿಯಲು ವಿಮರ್ಶೆ ಓದಬೇಕಿಲ್ಲ. ಶುಕ್ರವಾರಕ್ಕಿಂತ ಶನಿವಾರ, ಶನಿವಾರಕ್ಕಿಂತ ಭಾನುವಾರ ಕಲೆಕ್ಷನ್ ಏರಿ, ಸೋಮವಾರದ್ದು ಶುಕ್ರವಾರದ ಅರ್ಧಕ್ಕಿಂತ ಕೆಳಗಿಳಿಯದಿದ್ದರೆ ಜನ ಒಬ್ಬರಿಗೊಬ್ಬರು ಹೇಳುತ್ತಿದ್ದಾರೆ ಎಂದರ್ಥ. ಅಂಥ ಚಿತ್ರವನ್ನು ಒಟ್ಟು ಮೊತ್ತ ಕಡಿಮೆ ಎಂದು ತೆಗೆಯುವುದು ಬುದ್ಧಿವಂತಿಕೆಯಲ್ಲ. ದೊಡ್ಡ ಮೊತ್ತದಿಂದ ಶುರುವಾಗಿ ದಿನದಿನಕ್ಕೂ ಇಳಿಯುವ ಚಿತ್ರಕ್ಕೆ ಎರಡನೇ ವಾರ ಇಲ್ಲ.

ಕಾದರೆ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ಬೇಕೇ? ‘ರಂಗಿತರಂಗ’ 2015ರ ಜುಲೈ 3ರಂದು ಬಂತು. ಸರಿಯಾಗಿ ಒಂದು ವಾರಕ್ಕೆ ‘ಬಾಹುಬಲಿ’ ಬಂತು, ಮಲ್ಟಿಪ್ಲೆಕ್ಸ್‌ಗಳು ಕನ್ನಡದ ಆಟಗಳನ್ನು ಕಿತ್ತವು. ಅಷ್ಟರಲ್ಲಿ ಚಿತ್ರ ನೋಡಿದವರು ಗಲಾಟೆ ಎಬ್ಬಿಸಿದ್ದರಿಂದ ಆಟಗಳು ಮರಳಿದವು, ಚಿತ್ರ ತಿಂಗಳುಗಟ್ಟಲೆ ಓಡಿತು. ಒಂದು ವಾರ ಮೊದಲು ಬಂದದ್ದೇ ಅದನ್ನು ಉಳಿಸಿತು ಎಂದು ನನ್ನ ನಂಬಿಕೆ. ‘ಬಾಹುಬಲಿ’ಯ ದಿನವೇ ಬಂದಿದ್ದರೆ ಪರವಾಗಿ ಕೂಗಲು ಯಾರಿರುತ್ತಿದ್ದರು? ‘ಮುಂಗಾರು ಮಳೆ’ 2006ರ ಡಿಸೆಂಬರ್ 29ರಂದು ಬಂದಾಗ ಅದರ ನಾಯಕ ಸ್ಟಾರ್ ಆಗಿರಲಿಲ್ಲ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮೇಲೆ ಓಡಿತು. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಷ್ಟೇ ಬಂದು, ಮಾತು ಹಬ್ಬಿದ ಮೇಲೆ ಅಕ್ಟೋಬರ್ 14ಕ್ಕೆ ಹಿಂದಿಯಲ್ಲಿ ಹೋಯಿತು. ಇದಕ್ಕೆ ಎದುರಾಗಿ ‘ಉಳಿದವರು ಕಂಡಂತೆ’ ನೆನೆಯಿರಿ. 2014ರಲ್ಲಿ ಟಾಕೀಸಿನಲ್ಲಿ ಗೆಲ್ಲಲಿಲ್ಲ. ಇವತ್ತು ಅದರ ಮಾತುಗಳನ್ನು ಬಾಯಿಪಾಠ ಒಪ್ಪಿಸುವ ಹುಡುಗರು ನಿಮ್ಮ ಕಾಲೇಜಿನಲ್ಲೇ ಸಿಗುತ್ತಾರೆ, ಆದರೆ ಆ ಮೆಚ್ಚುಗೆ ಬರುವ ಹೊತ್ತಿಗೆ ಗಲ್ಲಾಪೆಟ್ಟಿಗೆ ಮುಚ್ಚಿತ್ತು.

ಇನ್ನು ಮಲೆನಾಡಿನ ಸಂಗತಿ. ಬೆಂಗಳೂರಿನಲ್ಲಿ ಕೂತು ದಿನಾಂಕ ಗೊತ್ತುಮಾಡುವವರಿಗೆ ನಮ್ಮ ಪಂಚಾಂಗ ತಿಳಿಯದು. ಜುಲೈನಲ್ಲಿ ನಾಟಿ. ಮಳೆ ಹೊಳವಾದ ಒಂದು ದಿನ ಸಿಕ್ಕರೆ ಅಡಿಕೆ ಬೆಳೆಗಾರ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಮರ ಹತ್ತುವ ಕೊನೆಗಾರನನ್ನು ಹುಡುಕುತ್ತಾನೆ, ಸಿನಿಮಾಕ್ಕೆ ಬರುವುದಿಲ್ಲ. ನವೆಂಬರಿನಿಂದ ಫೆಬ್ರುವರಿವರೆಗೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. ಮನೆಯ ಹೆಂಗಸರಿಗೂ ಬಿಡುವಿಲ್ಲ. ಅಡಿಕೆ ಮಂಡಿಗೆ ಹೋಗಿ ಕೈಯಲ್ಲಿ ನಾಲ್ಕು ಕಾಸು ಆಡುವ ಹೊತ್ತಿಗೆ ಮಕ್ಕಳ ಪರೀಕ್ಷೆ, ಅದರ ಬೆನ್ನಿಗೇ ಐಪಿಎಲ್ ಮತ್ತು ಮದುವೆಗಳು. ಉಳಿಯುವುದು ಗಣಪತಿ ಹಬ್ಬದಿಂದ ದೀಪಾವಳಿವರೆಗಿನ ಕಾಲ, ಮತ್ತೆ ಬೇಸಿಗೆ ರಜೆಯ ಕೆಲವು ವಾರ. ಆ ಹೊತ್ತಿನಲ್ಲಿ ದೊಡ್ಡ ಚಿತ್ರಗಳದ್ದೇ ಸಾಲು.

ಜುಲೈನಲ್ಲಿ ಬಂದದ್ದೆಲ್ಲ ಸೋಲುತ್ತದೆ ಎನ್ನುತ್ತಿಲ್ಲ. ‘ಸು ಫ್ರಮ್ ಸೋ’ ಬಂದದ್ದು 2025ರ ಜುಲೈ 25ಕ್ಕೆ, ಮಳೆ ನಡುವೆಯೇ. ಬಿಡುಗಡೆಗೆ ಮುಂಚೆಯೇ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ತೋರಿಸಿದ್ದರು. ಶುಕ್ರವಾರದ ಹೊತ್ತಿಗೆ ನಕ್ಕು ಬಂದವರ ಮಾತು ಆಗಲೇ ಓಡಾಡುತ್ತಿತ್ತು. ಕೆಲವೇ ಆಟಗಳಿಂದ ಶುರುವಾಗಿ ಬೇಡಿಕೆ ಬಂದ ಹಾಗೆ ಆಟ ಹೆಚ್ಚಾದವು. ನಿಮ್ಮ ಚಿತ್ರದವರು ಬುಧವಾರವೋ ಗುರುವಾರವೋ ಶಿವಮೊಗ್ಗದಲ್ಲಿ ಒಂದು, ಸಾಗರದಲ್ಲಿ ಒಂದು ಆಟ ತೋರಿಸಿದ್ದರೆ ಸಾಕಿತ್ತು. ಡಿಜಿಟಲ್ ಬಂದಮೇಲೆ ಇದು ಕಷ್ಟವೂ ಅಲ್ಲ. ರೀಲಿನ ಡಬ್ಬ ಬಸ್ಸಿನ ಮೇಲೆ ಹಾಕಿ ಕಳಿಸುವ ಕಾಲ ಹೋಯಿತು. ಚಿತ್ರದ ಕಡತ ಮೊದಲೇ ಟಾಕೀಸಿನ ಸರ್ವರಿನಲ್ಲಿರುತ್ತದೆ, ಯಾವ ಊರಲ್ಲಿ ಯಾವ ಗಂಟೆಯಿಂದ ಯಾವ ಗಂಟೆವರೆಗೆ ತೆರೆಯಬೇಕು ಎಂಬ ಕೀಲಿ ಬಂದರಾಯಿತು.

ನಿಮಗೂ ಒಂದು ಮಾತು, ಬೇಸರಿಸಬೇಡಿ. ಗಿರೀಶ್ ಕಾಸರವಳ್ಳಿಯವರು ಹುಟ್ಟಿದ ತಾಲ್ಲೂಕಿನವರು ನೀವು, ಸಿನಿಮಾ ಪ್ರೀತಿ ನಿಮ್ಮ ಪತ್ರದ ಸಾಲುಸಾಲಿನಲ್ಲೂ ಇದೆ. ಆದರೂ ಮಂಗಳವಾರದವರೆಗೆ ಕಾದಿರಿ. ಹೊಸಬರ ಚಿತ್ರಕ್ಕೆ ಶನಿವಾರದ ಮ್ಯಾಟಿನಿಯಲ್ಲಿ ಕೊಳ್ಳುವ ಟಿಕೆಟ್ಟಿಗೆ ಇರುವ ಬೆಲೆ ಬುಧವಾರದ ಟಿಕೆಟ್ಟಿಗೆ ಇಲ್ಲ, ಏಕೆಂದರೆ ಮುಂದಿನ ಶುಕ್ರವಾರದ ಆಟಗಳ ಪಟ್ಟಿ ಮಂಗಳವಾರ, ಬುಧವಾರದ ಹೊತ್ತಿಗೆ ತಯಾರಾಗುತ್ತದೆ. ಭಾನುವಾರ ಆಗದಿದ್ದರೆ ಟಾಕೀಸಿಗೆ ಫೋನ್ ಮಾಡಿ ‘ಚಿತ್ರ ಇರುತ್ತದೆಯೇ, ನಾವು ಇಷ್ಟು ಜನ ಬರುತ್ತೇವೆ’ ಎಂದು ಹೇಳಿ. ಮೇಲಿನ ಲೆಕ್ಕದಲ್ಲೇ ಒಂದು ಆಟದ ಬಾಡಿಗೆ ಹುಟ್ಟಲು 57 ಟಿಕೆಟ್ ಸಾಕು. ಊರಿನ ಸಂಘ, ಕಾಲೇಜು, ಸ್ತ್ರೀಶಕ್ತಿ ಗುಂಪು ಸೇರಿದರೆ 60 ಜನ ಆಗುವುದಿಲ್ಲವೇ? ಎತ್ತಿಹೋದ ಚಿತ್ರವನ್ನೂ ಒಂದು ಭಾನುವಾರದ ಮ್ಯಾಟಿನಿಗೆ ವಾಪಸು ತರಿಸಲು ಬರುತ್ತದೆ. ವಿತರಕನನ್ನು ಕೇಳಿ.

ಆದರೆ ತೀರ್ಥಹಳ್ಳಿಯವರು ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಬಂದು ಚಿತ್ರ ನೋಡಬೇಕಾದ ಸ್ಥಿತಿ ಬಂದದ್ದಾದರೂ ಹೇಗೆ? ಸೆಕೆಂಡ್ ಶೋ ಮುಗಿಯುವ ಹೊತ್ತಿಗೆ ಹಳ್ಳಿಯ ಬಸ್ಸಿಲ್ಲ, ಫಸ್ಟ್ ಶೋ ಮುಗಿಸಿದರೂ ಪೇಟೆವರೆಗೆ ಮಾತ್ರ. ಹೋಗಿಬರುವ ಬಸ್ಸು, ಊಟ, ಟಿಕೆಟ್ ಸೇರಿ ನಾಲ್ಕು ಜನರ ಸಂಸಾರಕ್ಕೆ ಬೀಳುವ ಖರ್ಚಿನಲ್ಲಿ ‘ಚೆನ್ನಾಗಿರಬಹುದು’ ಎನ್ನುವ ಚಿತ್ರವನ್ನು ಯಾರೂ ಪರೀಕ್ಷಿಸಿ ನೋಡುವುದಿಲ್ಲ, ಚೆನ್ನಾಗಿದೆ ಎಂದು ಖಾತ್ರಿಯಾದದ್ದನ್ನೇ ನೋಡುತ್ತಾರೆ. ಅದನ್ನು ಅಭಿರುಚಿಯ ಕೊರತೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇದೇ ಜಿಲ್ಲೆಯ ಹೆಗ್ಗೋಡಿನಲ್ಲಿ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿ, ತೋಟದ ಕೆಲಸ ಮುಗಿಸಿ ಬಂದವರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. ಜನ ಕೂತು ನೋಡಿದರು. ಹತ್ತಿರದಲ್ಲಿ ತೋರಿಸುವವರಿದ್ದರು, ಅಷ್ಟೇ ವ್ಯತ್ಯಾಸ.

ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಸಿನಿಮಾ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಆ ಜಗಳ ಮಹಾನಗರದ್ದು. ನಮ್ಮ ತಾಲ್ಲೂಕು ಪೇಟೆಗಳಲ್ಲಿ ಟಾಕೀಸುಗಳು ಕಲ್ಯಾಣಮಂಟಪವೋ ಅಂಗಡಿ ಸಾಲೋ ಆಗುತ್ತಿರುವಾಗ ದರದ ಮಿತಿಯಿಂದ ಯಾರಿಗೆ ಏನು ಸಿಕ್ಕೀತು? ನಮಗೆ ಬೇಕಾದದ್ದು ಹೊಸನಗರ, ಸೊರಬ, ತೀರ್ಥಹಳ್ಳಿಯಂಥ ಊರಿನಲ್ಲಿ 100–150 ಸೀಟಿನ ಒಂದೊಂದು ಚಿಕ್ಕ ಹಾಲ್, ವಾರಕ್ಕೆ ಹತ್ತು ಆಟ, ಬಸ್ಸಿನ ವೇಳೆಗೆ ಹೊಂದುವ ಮ್ಯಾಟಿನಿ. ಇರುವ ರಂಗಮಂದಿರಗಳಲ್ಲೇ ಪ್ರೊಜೆಕ್ಟರ್ ಕೂರಿಸಲು ಬರುತ್ತದೆ. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಪರವಾನಗಿ ಕೊಡುವವರು ಜಿಲ್ಲಾ ದಂಡಾಧಿಕಾರಿಗಳು, ಅಂದರೆ ನಮ್ಮ ಜಿಲ್ಲಾಧಿಕಾರಿಗಳೇ. ಚಿತ್ರ ಮಾಡುವವರಿಗೆ ಪ್ರತಿವರ್ಷ ಕೊಡುವ ಸಹಾಯಧನದ ಒಂದು ಸಣ್ಣ ಪಾಲನ್ನಾದರೂ ಈ ತೋರಿಸುವ ಕೆಲಸಕ್ಕೆ ತಿರುಗಿಸಿ ಎಂದು ನಮ್ಮ ಶಾಸಕರು ಸದನದಲ್ಲಿ ಕೇಳಬೇಕು.

– ಸಂಪಾದಕ