ಕೆಟ್ಟ ಫೋಟೋಗಳನ್ನು ಅಳಿಸಬೇಡಿ, ಕ್ಲಾಸಿಗೆ ತನ್ನಿ

ಪ್ರಶ್ನೆ: ನನಗೆ 52 ವರ್ಷ. ಮಗಳು ತನ್ನ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಟ್ಟಿದ್ದಾಳೆ, ಜೊತೆಗೆ 18-55 ಝೂಮ್ ಲೆನ್ಸ್ ಇದೆ. ಆರಂಭಿಕರ ಫೋಟೋಗ್ರಫಿ ಕ್ಲಾಸಿಗೆ ಸೇರಬೇಕೆಂದಿದ್ದೇನೆ. ‘ಎಲ್ಲಾ ವಿಡಿಯೋದಲ್ಲೇ ಇದೆ, ಸುಮ್ನೆ ದುಡ್ಡು ದಂಡ’ ಎನ್ನುತ್ತಾರೆ ಮನೆಯವರು. ಹೋಗಲೋ ಬೇಡವೋ? ಹೊಸ ಲೆನ್ಸ್ ಬೇಕಾಗುತ್ತದೆಯೇ?

ಉತ್ತರ: ಹೋಗಿ. ಲೆನ್ಸ್ ಈಗ ಬೇಡ.

ಮನೆಯವರು ಹೇಳುವುದು ಅರ್ಧ ನಿಜ. ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಎಂದರೇನು, ಶಟರ್ ಸ್ಪೀಡ್ (ಬೆಳಕು ಎಷ್ಟು ಹೊತ್ತು ಒಳಬರುತ್ತದೆ ಎನ್ನುವ ಲೆಕ್ಕ) ಎಂದರೇನು ಎನ್ನುವುದು ವಿಡಿಯೋದಲ್ಲಿ ಚೆನ್ನಾಗಿಯೇ ಇರುತ್ತದೆ. ಆದರೆ ವಿಡಿಯೋ ನಿಮ್ಮ ಕೈಯನ್ನು ನೋಡುವುದಿಲ್ಲ. ನನ್ನ ಕ್ಲಾಸಿಗೆ ಬಂದಿದ್ದ ಒಬ್ಬರ ಫೋಟೋಗಳೆಲ್ಲ ಒಂಚೂರು ಮಸುಕು. ಕ್ಯಾಮೆರಾವೇ ಹಾಳಾಗಿದೆ ಎಂದುಕೊಂಡಿದ್ದರು. ಪಕ್ಕದಲ್ಲಿ ನಿಂತು ನೋಡಿದೆ. ಎಡಗೈ ಲೆನ್ಸಿನ ಮೇಲಿತ್ತು, ಬೆರಳು ಕಾಲಿಂಗ್ ಬೆಲ್ ಒತ್ತಿದ ಹಾಗೆ ಬಟನ್ ಮೇಲೆ ಬೀಳುತ್ತಿತ್ತು. ಅಂಗೈ ಲೆನ್ಸಿನ ಕೆಳಗೆ ಇಡಿಸಿದೆ. ಮೊಣಕೈ ಎದೆಗೆ ಆನಿಸಿದರು. ಬಟನ್ ಅರ್ಧ ಒತ್ತಿ, ಫೋಕಸ್ ಆದ ‘ಬೀಪ್’ ಕೇಳಿ, ಆಮೇಲೆ ಮೆಲ್ಲಗೆ ಪೂರ್ತಿ ಒತ್ತುವುದು ಅಭ್ಯಾಸವಾಯಿತು. ಅಷ್ಟೇ. ಆರು ತಿಂಗಳ ಕಾಯಿಲೆ ಹತ್ತು ನಿಮಿಷದಲ್ಲಿ ವಾಸಿ.

ಹಾಗಾಗಿ ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ನಾವು ತೆಗೆದ ಫೋಟೋಗಳನ್ನು ಕೂತು ನೋಡುತ್ತೀರಾ?’ ಇಲ್ಲ ಎಂದರೆ ಬೇರೆ ಕ್ಲಾಸ್ ಹುಡುಕಿ. ಮೊದಲ ದಿನವೇ ಯಾವ ಲೆನ್ಸ್ ಕೊಳ್ಳಬೇಕು ಎಂದು ಶುರುಮಾಡುವ ಕಡೆಯೂ ಬೇಡ.

ಹೋಗುವಾಗ ಚಾರ್ಜ್ ಆದ ಬ್ಯಾಟರಿ, ಜಾಗ ಇರುವ ಕಾರ್ಡ್ ಇದ್ದೇ ಇರುತ್ತದೆ. ಅವುಗಳ ಜೊತೆ ನಿಮ್ಮ ಹತ್ತು ಕೆಟ್ಟ ಫೋಟೋಗಳನ್ನೂ ಒಯ್ಯಿರಿ. ಎಲ್ಲರೂ ಚೆನ್ನಾಗಿ ಬಂದದ್ದನ್ನೇ ತೋರಿಸುತ್ತಾರೆ, ಅದರಿಂದ ಕಲಿಸುವವರಿಗೆ ಏನೂ ಗೊತ್ತಾಗುವುದಿಲ್ಲ. ಡಿಜಿಟಲ್ ಕ್ಯಾಮೆರಾದ ದೊಡ್ಡ ಉಪಕಾರ ಏನು ಗೊತ್ತಾ? ಪ್ರತಿ ಫೋಟೋ ಫೈಲಿನೊಳಗೂ ಶಟರ್ ಸ್ಪೀಡ್, ಅಪರ್ಚರ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಷ್ಟಿತ್ತೆಂದು ಬರೆದಿರುತ್ತದೆ. ಫಿಲ್ಮ್ ಕಾಲದಲ್ಲಿ ನಾವು ಇದನ್ನೆಲ್ಲ ಚೀಟಿಯಲ್ಲಿ ಬರೆದಿಟ್ಟುಕೊಂಡು, ಆ ಚೀಟಿಯನ್ನೇ ಕಳೆದುಕೊಳ್ಳುತ್ತಿದ್ದೆವು!

ಪ್ರಶ್ನೆ: ಸಂಜೆ ಮನೆಯೊಳಗೆ ಮಗು ಓಡಾಡುವಾಗ ತೆಗೆದ ಫೋಟೋ ಒಂದೂ ಸರಿ ಬರುವುದಿಲ್ಲ. ಗೋಡೆ ಸ್ಪಷ್ಟ, ಮಗು ಮಾತ್ರ ಮಸುಕು. ಫ್ಲ್ಯಾಶ್ ನನಗೆ ಇಷ್ಟವಿಲ್ಲ.

ಉತ್ತರ: ಗೋಡೆ ಸ್ಪಷ್ಟ ಇದೆ ಎಂದರೆ ನಿಮ್ಮ ಕೈ ಅಲುಗಿಲ್ಲ, ಫೋಕಸ್ ಬೇರೆಲ್ಲೋ ಹೋಗಿರಬಹುದು ಅಥವಾ ಶಟರ್ ನಿಧಾನವಾಗಿದೆ. ಆ ಫೋಟೋದ ವಿವರ ತೆರೆದು ನೋಡಿ. ಶಟರ್ 1/15 ಸೆಕೆಂಡ್, ಐಎಸ್‌ಒ 200 ಎಂದೇನೋ ಇದ್ದರೆ ಕಳ್ಳ ಸಿಕ್ಕಿಬಿದ್ದ. ಅಷ್ಟು ಹೊತ್ತಿನಲ್ಲಿ ಮಗುವಿನ ಕೈ ಒಂದು ಗೇಣು ಸರಿದಿರುತ್ತದೆ.

ಓಡುವ ಮಗುವಿಗೆ 1/250 ಆದರೂ ಬೇಕು. 1/15ರಿಂದ 1/30, 1/60, 1/125, 1/250. ನಾಲ್ಕು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಬೆಳಕು ಅರ್ಧ. ಆ ನಷ್ಟವನ್ನು ಐಎಸ್‌ಒ ತುಂಬಿಕೊಡಬೇಕು: 400, 800, 1600, 3200. ಇಷ್ಟು ಏರಿಸಿದರೆ ಚಿತ್ರದಲ್ಲಿ ಸ್ವಲ್ಪ ಕಾಳುಕಾಳು ಕಾಣುತ್ತದೆ. ಕಾಣಲಿ ಬಿಡಿ. ಕಾಳಿದ್ದರೂ ಮಗುವಿನ ನಗು ಕಾಣುತ್ತದೆ, ಮಸುಕಾದರೆ ಅದೂ ಇಲ್ಲ.

ಇನ್ನೊಂದು. 18-55 ಲೆನ್ಸ್‌ಗಳಲ್ಲಿ ಸಾಮಾನ್ಯವಾಗಿ 18ರಲ್ಲಿ ಅಪರ್ಚರ್ ಎಫ್ 3.5ರವರೆಗೆ ತೆರೆಯುತ್ತದೆ, 55ಕ್ಕೆ ಎಳೆದರೆ 5.6ಕ್ಕೆ ನಿಲ್ಲುತ್ತದೆ. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಅಂದರೆ ಝೂಮ್ ಮಾಡದಿದ್ದರೆ ಎರಡೂವರೆ ಪಟ್ಟು ಬೆಳಕು ಪುಕ್ಕಟೆ. ನೀವೇ ಎರಡು ಹೆಜ್ಜೆ ಮುಂದೆ ಹೋಗಿ. ಮುಖಕ್ಕೆ ತೀರಾ ಹತ್ತಿರ ಹಿಡಿಯಬೇಡಿ, ಮೂಗು ದಪ್ಪ ಕಾಣುತ್ತದೆ.

ಪ್ರಶ್ನೆ: ಕ್ಲಾಸಿನಲ್ಲಿ ಎಲ್ಲರೂ ‘ಎಂ’ ಮೋಡ್‌ನಲ್ಲೇ (ಮ್ಯಾನುಯಲ್, ಎಲ್ಲವನ್ನೂ ಕೈಯಾರೆ ಹೊಂದಿಸುವುದು) ತೆಗೆಯುತ್ತಾರೆ. ಆಟೋದಲ್ಲಿ ತೆಗೆಯುವ ನನಗೆ ನಾಚಿಕೆ.

ಉತ್ತರ: ನಾಚಿಕೆ ಯಾಕೆ? ಆದರೆ ಪೂರ್ತಿ ಆಟೋ ಬಿಟ್ಟು, ಡಯಲನ್ನು ‘ಎ’ಗೆ ತಿರುಗಿಸಿ. ಕೆಲವು ಕ್ಯಾಮೆರಾಗಳಲ್ಲಿ ಅದು ‘ಎವಿ’. ಅಪರ್ಚರ್ ನಿಮ್ಮದು, ಶಟರ್ ಕ್ಯಾಮೆರಾದ್ದು. ಎಷ್ಟೋ ವರ್ಷದಿಂದ ನನ್ನ ಹೆಚ್ಚಿನ ಕೆಲಸ ಅದರಲ್ಲೇ ನಡೆಯುತ್ತದೆ.

ಅದರ ಜೊತೆ, ಫೋಟೋವನ್ನು ಬೆಳ್ಳಗೆ ಅಥವಾ ಕಪ್ಪಗೆ ಮಾಡುವ ಪ್ಲಸ್-ಮೈನಸ್ ಗುರುತಿನ ಬಟನ್ ಒಂದನ್ನು ಪಳಗಿಸಿಕೊಳ್ಳಿ. ಒಂದು ಬಿಳಿ ಬೆಡ್‌ಶೀಟ್ ಹರವಿ, ಫ್ರೇಮ್ ತುಂಬ ಅದೇ ಬರುವಂತೆ ಫೋಟೋ ತೆಗೆಯಿರಿ. ಬೂದು ಬಣ್ಣ ಬರುತ್ತದೆ! ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡುಮಧ್ಯದ ಬೂದು ಎಂದೇ ಲೆಕ್ಕ ಹಾಕುವುದು ಇದಕ್ಕೆ ಕಾರಣ. ಈಗ ಪ್ಲಸ್ 1 ಮಾಡಿ ನೋಡಿ, ಆಮೇಲೆ ಪ್ಲಸ್ 2. ಶೀಟ್ ಬಿಳಿಯಾಗುತ್ತಾ ಬರುತ್ತದೆ. ಕಪ್ಪು ಕೋಟಿಗೆ ಇದರ ಉಲ್ಟಾ, ಮೈನಸ್. ಬಿಳಿಗೆ ಕೂಡಿಸು, ಕಪ್ಪಿಗೆ ಕಳೆ ಎನ್ನುವುದು ಮೊದಮೊದಲು ತಲೆಗೆ ಹತ್ತುವುದಿಲ್ಲ. ಶೀಟಿನ ಆ ಮೂರು ಫೋಟೋಗಳನ್ನು ಕಾರ್ಡಿನಲ್ಲೇ ಇಟ್ಟುಕೊಳ್ಳಿ, ಮರೆತಾಗ ತೆಗೆದು ನೋಡಬಹುದು.